ಇಗರ್ಜಿ ಗೋಪುರದ ಬೆಳ್ಳಿ ನಾಣ್ಯ

೧೯೩೮ರ ಡಿಸೆಂಬರ್ ೧೨, ಸೋಮವಾರ ಬೆಳಿಗ್ಗೆ ಇಗರ್ಜಿ ಕಮಿಟಿಯ ಕಾರ್ಯದರ್ಶಿ ಸಾಲೊಮನ್ ಹೊನ್ನಾಳಿಯ ಪೊಲೀಸ್ ಠಾಣೆಗೆ ದೂರು ತಂದರು. ಕುಂಪಣಿ ಕಾಲದ ಇಗರ್ಜಿಗೆ ನೂರು ವರ್ಷ ತುಂಬಿದ ನೆನಪಿಗೆಂದು ಬೆಳ್ಳಿ ನಾಣ್ಯಗಳನ್ನು ಮಾಡಿಸಿದ್ದರು. ಒಂದು ಬದಿಗೆ ಗೋಪುರ, ಇನ್ನೊಂದು ಬದಿಗೆ ಶಿಲುಬೆ. ಊರಿನ ದೊಡ್ಡ ಮನುಷ್ಯರಿಗೆ ಹಂಚಲು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಅವುಗಳಲ್ಲಿ ಒಂದು ಕಾಣೆಯಾಗಿತ್ತು.

ಇನ್‌ಸ್ಪೆಕ್ಟರ್ ತಿಪ್ಪೇರುದ್ರಸ್ವಾಮಿ ಎಫ್‌ಐಆರ್ ಬರೆಸಿ, ಸ್ಥಳದ ಪಂಚನಾಮೆ ಮಾಡಿಸಿದರು. ಪೆಟ್ಟಿಗೆಗೆ ಬೀಗವೇ ಇರಲಿಲ್ಲ. ಹಾಗಿದ್ದೂ ಕಳ್ಳ ಉಳಿದ ನಾಣ್ಯಗಳನ್ನು ಮುಟ್ಟಿರಲಿಲ್ಲ. ಇಂಥ ಮರ್ಯಾದಸ್ಥ ಕಳ್ಳನನ್ನು ಎಲ್ಲಿ ಹುಡುಕುವುದು ಎಂದು ಅವರು ಗೊಣಗಿದರು.

ಮರುದಿನ ಮಧ್ಯಾಹ್ನ ಪೇದೆ ಜಂಪಣ್ಣ ಪಕ್ಕದ ಊರು ನ್ಯಾಮತಿಯಿಂದ ನಾಣ್ಯವನ್ನೂ ಹೆಣ ಹೂಳಲು ಗುಣಿ ತೋಡುವ ಜುಂಜಪ್ಪನನ್ನೂ ಕರೆತಂದ. ರಾಜರ ತಲೆ ಇಲ್ಲದ ರೂಪಾಯಿ ಕೊಟ್ಟನೆಂದು ಅಲ್ಲಿನ ಅಂಗಡಿಯವನು ರಂಪ ಮಾಡಿದ್ದ.

"ಎಲ್ಲಿ ಸಿಕ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಹೆಣದ ಹಣೆ ಮೇಲಿಂದು ಸ್ವಾಮಿ. ಗುಣಿ ತೋಡ್ದೋನಿಗೇ ಅದು ಸಲ್ಲೋದು. ನಮ್ಮಪ್ಪನ ಕಾಲದಿಂದ ಹಿಂಗೇ ಐತೆ."

"ಯಾರ ಹೆಣ?"

"ಸುಣ್ಣ ಬಳಿಯೋ ಗೋಣೆಪ್ಪನ ಅವ್ವ, ಅಜ್ಜಮ್ಮಂದು. ಭಾನುವಾರ ಮಣ್ಣು ಮಾಡಿದ್ವಿ."

"ತಗೊಂಡಿದ್ದನ್ನ ಗೋಣೆಪ್ಪ ನೋಡ್ಲಿಲ್ವಾ?"

"ಮಣ್ಣು ಹಾಕಿ ಹೊರಟ ಮಗ ತಿರುಗಿ ನೋಡಬಾರ್ದಲ್ರೀ. ಅವನು ಹೋದಮೇಲೆ ಎತ್ಕೊಂಡು ಗುಣಿ ಮುಚ್ಚಿದೆ."

ಗೋಣೆಪ್ಪ ಇಗರ್ಜಿಯ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಸೂತಕವಿದ್ದರೂ ನೂರು ವರ್ಷದ ಉತ್ಸವ ಹತ್ತಿರ ಬಂತೆಂದು ಕಮಿಟಿಯವರು ಕರೆಸಿಕೊಂಡಿದ್ದರು. ಇನ್‌ಸ್ಪೆಕ್ಟರ್ ಅಂಗೈ ಬಿಚ್ಚಿ ನಾಣ್ಯ ತೋರಿಸಿದ್ದೇ ಅವನು ಏಣಿಯಿಂದ ಇಳಿದು ಬಂದ.

"ಇದು ಅವ್ವನ ಹತ್ರ ಇಲ್ವಾ?"

"ಯಾಕೆ ಕದ್ದೆ?"

"ಗೋಪುರ ಬಿರುಕು ಬಿಟ್ಟಾಗ ಮತ್ತೆ ಕಟ್ಟಿದ್ದು ನಮ್ಮಪ್ಪ. ಅದರ ಮೇಲಿಂದಾನೇ ಬಿದ್ದು ಸತ್ತ. ನಾನಿನ್ನೂ ಹೊಟ್ಟೇಲಿದ್ದೆ. ಅವ್ವ ಸಾಯೋ ಮುಂಚೆ ಒಂದು ನಾಣ್ಯ ಕೇಳಿ ಕಳಿಸಿದ್ಲು. ಕಮಿಟಿಯೋರು ಕೂಲಿಯೋರಿಗೆ ಅಲ್ಲ ಅಂದ್ರು. ಅಪ್ಪ ಕಟ್ಟಿದ್ದು ಅವಳ ಜೊತೆಗಾದ್ರೂ ಹೋಗ್ಲಿ ಅಂತ ತಗೊಂಡೆ."

"ಹಣೆ ಮೇಲಿನ ದುಡ್ಡು ಜುಂಜಪ್ಪನ ಪಾಲು ಅಂತ ಗೊತ್ತಿರಲಿಲ್ವಾ?"

"ಅಂಗಡೀಲಿ ನಡೆಯದ ನಾಣ್ಯ, ಅವನು ಮುಟ್ಟಲ್ಲ ಅಂದ್ಕೊಂಡಿದ್ದೆ. ಸಾಹೇಬ್ರೆ, ಒಂದ್ಸಲ ಅವ್ವನ ಹತ್ರ ಇಟ್ಟು ಬರ್ತೀನಿ. ಆಮೇಲೆ ಎಲ್ಲಿಗಾದ್ರೂ ಕರ್ಕೊಂಡು ಹೋಗ್ರಿ."

"ಆಗಲ್ಲಪ್ಪ. ಅದು ಮುದ್ದೇಮಾಲು, ಸಾಕ್ಷಿಗೆ ಕೋರ್ಟಿಗೆ ಹೋಗ್ಬೇಕು."

ನಾಣ್ಯ ಗುರುತಿಸಲು ಬಂದ ಸಾಲೊಮನ್ ಚಾಚಿದ ಕೈ ಹಿಂದೆಳೆದುಕೊಂಡರು.

"ಹೆಣದ ಮೇಲಿಟ್ಟಿದ್ದನ್ನ ದೊಡ್ಡೋರಿಗೆ ಹೆಂಗೆ ಕೊಡಾಕಾಗುತ್ತೆ? ನಮಗೆ ಬೇಡ್ರಿ. ಬೇರೆ ಮಾಡಿಸ್ತೀವಿ."

"ಹಂಗಾದ್ರೆ ದೂರು?"

"ಅದು ಇರಲಿ. ನಾಳೆ ಇನ್ನೊಬ್ಬ ಕೈ ಹಾಕ್ತಾನೆ."

ಸಂಜೆ ಗೋಣೆಪ್ಪನ ದಸ್ತಗಿರಿಯಾಯಿತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, ಮೂರು ತಿಂಗಳ ಸಜೆ. ತೀರ್ಪಾದ ಮೇಲೆ ಯಾರಿಗೂ ಬೇಡದ ಆ ನಾಣ್ಯವನ್ನು ಅವನ ಹೆಂಡತಿಗೆ ಕೊಡಿಸಿ ಎಂದು ತಿಪ್ಪೇರುದ್ರಸ್ವಾಮಿ ಕೋರ್ಟಿನಲ್ಲಿ ಒಂದು ಮಾತು ಕೇಳಬಹುದಿತ್ತು. ಕಳ್ಳನ ಪರ ನಿಂತರೆಂದು ಮೇಲಿನವರು ಆಡಿಕೊಂಡಾರೆಂಬ ಅಂಜಿಕೆಯಿಂದ ಬಾಯಿ ಬಿಡಲಿಲ್ಲ. ಸರ್ಕಾರ ಅದನ್ನು ಹರಾಜು ಹಾಕಿತು. ಅದನ್ನು ಕೊಂಡ ಅಕ್ಕಸಾಲಿಗ ಕರಗಿಸಿ ಯಾರಿಗೋ ಕಾಲುಂಗುರ ಮಾಡಿಕೊಟ್ಟ.

ಬಿಡುಗಡೆಯಾದ ಗೋಣೆಪ್ಪ ಮನೆಗೂ ಹೋಗದೆ ನೇರ ಠಾಣೆಗೆ ಬಂದ.

"ಸಜೆ ಮುಗೀತು ಸಾಹೇಬ್ರೆ. ಈಗ ಕೊಡ್ತೀರಾ, ಅವ್ವನ ಹತ್ರ ಇಟ್ಟು ಬರಾಕೆ?"

ತಿಪ್ಪೇರುದ್ರಸ್ವಾಮಿ ಎದ್ದು ನಿಂತರು. ಹೇಳುವ ಕೆಲಸವನ್ನು ಜಂಪಣ್ಣನಿಗೆ ಬಿಟ್ಟು ಒಳಗೆ ಹೋದರು.