ಸೊಪ್ಪು ಹಾಕದ ದಿನ

ಮೇಲೂರಿನ ರೇಷ್ಮೆ ಹುಳುಮನೆಯೊಂದರಲ್ಲಿ ವೆಂಕಟರವಣಪ್ಪನ ಹೆಣ ಬಿದ್ದಿತ್ತು. ಹಣೆಗೆ ಮಚ್ಚಿನೇಟು. ಕಣ್ಣುರೆಪ್ಪೆಗೆ ಬಿಳಿ ಪುಡಿ ಮೆತ್ತಿತ್ತು. ಪಕ್ಕದಲ್ಲೇ ಕೋನಪ್ಪ ಮಚ್ಚು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

"ನಾನೇ ಕಡಿದೆ ಸಾರ್. ನೇಣಿಗೆ ಹಾಕ್ಸಿ."

1988ರ ಆ ಬೇಸಿಗೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಅನಂತರಾಮಯ್ಯನವರಿಗೆ ಇಷ್ಟು ಸಲೀಸಾದ ಕೇಸು ಸಿಕ್ಕಿರಲಿಲ್ಲ. ಸಲೀಸಾದದ್ದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಕೋನಪ್ಪ ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಜವಾನ. ರೇಷ್ಮೆಹುಳು ಸಾಕುವವಳು ಹೆಂಡತಿ ಮಂಗಮ್ಮ. ಸತ್ತವನು ಆ ಹುಳುಮನೆಯನ್ನು ಅವರಿಗೆ ಬಾಡಿಗೆಗೆ ಕೊಟ್ಟಿದ್ದ ಮಾಲೀಕ.

"ಯಾಕೆ ಕಡಿದೆ?"

"ಹುಳಕ್ಕೆ ಸೊಪ್ಪು ಹಾಕ್ತಿದ್ದೆ. ಬಂದು ಮನೆ ಖಾಲಿ ಮಾಡು ಅಂದ. ಸಿಟ್ಟು ಬಂತು."

"ಮಂಗಮ್ಮ?"

"ತೋಟದಲ್ಲಿದ್ಲು. ಅವಳಿಗೇನೂ ಗೊತ್ತಿಲ್ಲ ಸಾರ್!"

ಕೇಳದ ಪ್ರಶ್ನೆಗೂ ಉತ್ತರ ಬಂದಿತ್ತು.

*

ಸತ್ತವನಿಗೂ ಅವನ ತಮ್ಮ ಎರ್ರಪ್ಪನಿಗೂ ಆಗಿಬರುತ್ತಿರಲಿಲ್ಲ. ವಿಚಾರಿಸಿದರೆ, ಎರ್ರಪ್ಪ ಬೆಳಗಿನಿಂದ ಕೈವಾರದ ಮದುವೆಮನೆಯಲ್ಲಿದ್ದ. ನೂರು ಜನ ನೋಡಿದ್ದರು.

ಅನಂತರಾಮಯ್ಯ ಹುಳುಮನೆಗೆ ಮರಳಿದರು. ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅಲುಗಾಡದೆ ಕೂತಿದ್ದವು. ಒಂದೂ ಹಸಿ ಎಲೆಯಿಲ್ಲ.

"ಜ್ವರಕ್ಕೆ ಕೂತವೆ ಸಾಮಿ," ಎಂದಳು ಪಕ್ಕದ ಮನೆಯ ಪೆದ್ದಮ್ಮ. "ಪೊರೆ ಬಿಡೋವರ್ಗೂ ಸೊಪ್ಪು ಹಾಕಂಗಿಲ್ಲ. ಸುಣ್ಣದ ಪುಡಿ ಉದುರಿಸ್ತಾರೆ, ಅಷ್ಟೇ."

"ಕೋನಪ್ಪನಿಗೆ ಗೊತ್ತಿಲ್ವಾ?"

"ಅವನ್ನ ಮಂಗಿ ಬಾಗಿಲಿಗೂ ಬಿಡಲ್ಲ. ಬೀಡಿ ವಾಸ್ನೆ ಹುಳಕ್ಕಾಗಲ್ವಲ್ಲ!"

*

ಠಾಣೆಯಲ್ಲಿ ಕೋನಪ್ಪ ಕಂಬಿಯ ಹಿಂದಿದ್ದ. ಮಂಗಮ್ಮ ನೆಲದ ಮೇಲೆ ಕೂತಿದ್ದಳು.

"ಇವತ್ತು ಯಾರೂ ಸೊಪ್ಪು ಹಾಕಿಲ್ಲ," ಎಂದರು ಅನಂತರಾಮಯ್ಯ. "ಕೊಲೆ ಆದಾಗ ಕೋನಪ್ಪ ಅಲ್ಲಿರಲೇ ಇಲ್ಲ. ಹೆಣದ ಕಣ್ಣಲ್ಲಿದ್ದದ್ದು ಸುಣ್ಣ. ಅದನ್ನ ಎರಚಿದವಳು ನೀನು. ಯಾಕಮ್ಮ?"

"ಸುಳ್ಳು! ನಾನೇ ಒಪ್ಕೊಂಡಿದ್ದೀನಲ್ಲ!" ಎಂದು ಕೂಗಿದ ಕೋನಪ್ಪ.

"ಪೊಲೀಸರ ಮುಂದೆ ಒಪ್ಕೊಂಡಿದ್ದನ್ನ ಕೋರ್ಟು ಸಾಕ್ಷಿ ಅಂತ ತಗೊಳ್ಳಲ್ಲ ಕಣಪ್ಪ."

ಮಂಗಮ್ಮ ತಲೆಯೆತ್ತಿದಳು. "ಒಳಗೆ ಬಂದು ಬಾಗಿಲು ಹಾಕ್ದ ಸಾರ್. ಸೀರೆಗೆ ಕೈ ಹಾಕ್ದ. ಸುಣ್ಣ ಎರಚ್ದೆ, ಆದ್ರೂ ಬಿಡ್ಲಿಲ್ಲ. ಕೈಗೆ ಮಚ್ಚು ಸಿಕ್ತು."

ಅನಂತರಾಮಯ್ಯನವರಿಗೆ ಕೋನಪ್ಪನ ಮೇಲೆ ಸಿಟ್ಟೂ ಬಂತು, ಕನಿಕರವೂ ಆಯಿತು. ಹೆಂಡತಿಯನ್ನು ಉಳಿಸಬಲ್ಲ ಒಂದೇ ಸತ್ಯವನ್ನು ಪುಣ್ಯಾತ್ಮ ಬಚ್ಚಿಡಲು ಹೊರಟಿದ್ದ.

"ಮಾನ ಕಾಪಾಡ್ಕೊಳ್ಳೋಕೆ ಎದುರಾಳಿ ಜೀವ ತೆಗೆದ್ರೂ ಕಾನೂನು ಅದನ್ನ ಅಪರಾಧ ಅನ್ನಲ್ಲ. ಆದ್ರೆ ಜಡ್ಜು ನಂಬಬೇಕು. ನಂಬದಿದ್ರೆ ಜೀವಾವಧಿ, ನೇಣೂ ಆಗಬಹುದು."

"ಎಲ್ಲಾರ ಮುಂದೆ ಹೇಳ್ಬೇಕಾ?"

"ಹೇಳ್ಬೇಕಮ್ಮ. ವಕೀಲರು ಕೆದಕಿ ಕೆದಕಿ ಕೇಳ್ತಾರೆ."

ಕೋನಪ್ಪ ಕಂಬಿಗೆ ಹಣೆ ಒತ್ತಿ ಅತ್ತುಬಿಟ್ಟ. "ಬೇಡ ಕಣೇ. ಊರೆಲ್ಲ ಆಡ್ಕೊಂತದೆ. ನಾನೇ ಹೋಗ್ತೀನಿ."

"ನೀನು ನೇಣಿಗೆ ಹೋದ್ಮೇಲೆ ಆ ಮಾನ ಇಟ್ಕೊಂಡು ನಾನೇನ್ ಮಾಡ್ಲಿ?"

ಅವಳು ಸೆರಗು ಬಿಗಿದು ಎದ್ದಳು.

"ಎಲ್ಲಿ ಹೇಳ್ಬೇಕು, ನಡೀರಿ ಸಾರ್. ಇವನ್ನ ಬಿಡಿ."