ಕಳ್ಳ ತಿಕ್ಕಿಟ್ಟು ಹೋದ ನಾಣ್ಯಗಳು

1995ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾಣ್ಯದ ವ್ಯಾಪಾರಿ ಕ್ಲೈವ್ ಪೆಚೆಲ್ ಕೈಯಲ್ಲೊಂದು ತಟ್ಟೆ ಹಿಡಿದು ಲಿಂಕನ್‌ಶೈರಿನ ವಿಕ್ಸ್‌ಬಿ ಠಾಣೆಗೆ ಬಂದ. ಎರಡನೇ ಮಹಾಯುದ್ಧ ಮುಗಿದು ಐವತ್ತು ವರ್ಷವಾದ ನೆನಪಿನ ಪ್ರದರ್ಶನಕ್ಕೆಂದು, ಹಳೆಯ ಯುದ್ಧವಿಮಾನಗಳ ಚಿತ್ರವಿರುವ ಕಂಚಿನ ನಾಣ್ಯಗಳನ್ನು ಅವನು ಶುಕ್ರವಾರ ಚರ್ಚಿನ ಒಳಕೋಣೆಯಲ್ಲಿ ಇಟ್ಟಿದ್ದ. ಲ್ಯಾಂಕಾಸ್ಟರ್ ಬಾಂಬರಿನದು ಕಾಣೆಯಾಗಿತ್ತು.

“ಒಂದೇನಾ?” ಇನ್‌ಸ್ಪೆಕ್ಟರ್ ಮೊಯಿರಾ ಹ್ಯಾಡಲ್‌ಸಿ ಕೇಳಿದಳು.

“ಕದ್ದಿದ್ದು ಒಂದು ಮೇಡಂ. ಮಿಕ್ಕಿದ್ದನ್ನೆಲ್ಲ ಪಾಲಿಶ್ ಹಾಕಿ ತಿಕ್ಕಿಟ್ಟು ಹೋಗಿದಾನೆ! ನಾವು ಅಂಚು ಬಿಟ್ಟು ಬೇರೆಲ್ಲೂ ಬೆರಳು ತಾಗಿಸಲ್ಲ. ತಿಕ್ಕಿದ್ರೆ ನಾಣ್ಯದ ಬೆಲೆಯೇ ಹೋಯ್ತು, ಇನ್ನು ಇವನ್ನ ಯಾರು ಕೊಳ್ತಾರೆ?”

“ಪಾತ್ರೆ ಅಂಗಡಿಗೆ ಹಾಕಪ್ಪ,” ಎಂದ ಕಾನ್‌ಸ್ಟೇಬಲ್ ಸ್ನೇತ್.

ದೂರು ದಾಖಲಾಯಿತು. ಒಳಕೋಣೆಯ ಪಂಚನಾಮೆಯಲ್ಲಿ ಬೀಗ ಮುರಿದ ಗುರುತು ಸಿಗಲಿಲ್ಲ. ಮೊಯಿರಾ ಅಲ್ಲಿನ ಮೇಜಿನ ಮೇಲಿದ್ದ ಹಿತ್ತಾಳೆಯ ಮೇಣದಬತ್ತಿ ಕಂಬ ನೋಡಿದಳು, ಪೆಚೆಲ್‌ನ ತಟ್ಟೆಯಲ್ಲಿದ್ದ ನಾಣ್ಯ ನೋಡಿದಳು. ಎರಡರಲ್ಲೂ ಒಂದೇ ಹೊಳಪು.

“ಇದು ಕದಿಯೋಕೆ ಬಂದೋರ ಕೈ ಅಲ್ಲ ಸ್ನೇತ್. ಕೆಲಸಕ್ಕೆ ಬಂದೋರದು.”

ನಿನ್ನೆ ಚರ್ಚಿನ ಹಿತ್ತಾಳೆ ಸಾಮಾನು ತಿಕ್ಕುವ ಸರದಿ ಯಾರದೆಂದು ಪಾದ್ರಿಯನ್ನು ಕೇಳಿದರು. ಎನಿಡ್ ಥ್ಯಾಕ್ರೆಯದು.

ಎಪ್ಪತ್ತರ ಹತ್ತಿರದ ಎನಿಡ್ ತಾನೇ ಬಾಗಿಲು ತೆರೆದಳು. “ಬನ್ನಿ, ಟೀ ಕುಡಿದು ಕರ್ಕೊಂಡ್ಹೋಗಿ.”

“ನಾಣ್ಯ ಯಾಕೆ ತಿಕ್ಕಿದ್ರಿ?”

“ಕಂಬದ ಪಕ್ಕ ಕಪ್ಪಗೆ ಬಿದ್ದಿತ್ತು. ತಿಕ್ಕೋಕೇ ಇಟ್ಟಿದಾರೆ ಅಂದ್ಕೊಂಡೆ.”

“ಒಂದನ್ನ ತಗೊಂಡಿದ್ದು?”

“ಜೊತೆಗಿದ್ದ ಚೀಟಿ ಓದಿದೆ. ಹಾಲೆಂಡಿನ ಕೆಸರಿಂದ ಎತ್ತಿದ ವಿಮಾನದ ಇಂಜಿನ್ ಕಂಚಂತೆ. ವಿಮಾನದ ನಂಬರೂ ಬರೆದಿದ್ರು, ಅದು ನಂಗೆ ಬಾಯಿಪಾಠ. ನಮ್ಮಣ್ಣ ಲೆನ್ ಯುದ್ಧದಲ್ಲಿ ಹತ್ತಿ ಹೋದ ವಿಮಾನ ಅದು. ಅವನ ಹೆಣ ಸಿಗಲೇ ಇಲ್ಲ.” ಎನಿಡ್ ಟೀ ಕಪ್ ಕೆಳಗಿಟ್ಟಳು. “ವಿಮಾನ ಅಗೆಯೋಕೆ ದುಡ್ಡಿತ್ತು, ನಮಗೊಂದು ಮಾತು ಹೇಳೋಕೆ ಬಾಯಿರ್ಲಿಲ್ಲ. ಕರಗಿಸಿ, ರಾಣಿ ಮುಖ ಒತ್ತಿ ಮಾರ್ತಾರೆ. ನಾನು ಕಳ್ಳಿ, ಅಲ್ವಾ?”

“ಎಲ್ಲಿದೆ?”

“ಅಮ್ಮನ ಹತ್ರ. ಅಲ್ಲೇ ಇರ್ಲಿ ಬಿಡಮ್ಮ.”

“ಆಗಲ್ಲ, ಎನಿಡ್.”

ಚರ್ಚಿನ ಹಿಂದಿನ ಗೋರಿಕಲ್ಲಿನಲ್ಲಿ ತಾಯಿಯ ಹೆಸರಿನ ಕೆಳಗೆ ಲೆನ್‌ನ ಹೆಸರೂ ಇತ್ತು, ಒಳಗೆ ಲೆನ್ ಇರಲಿಲ್ಲ. ಸ್ನೇತ್ ಟೋಪಿ ತೆಗೆದಿಟ್ಟು ಮಣ್ಣು ಕೆದಕಿದ. ನಾಣ್ಯ ಸಿಕ್ಕಿತು. ಒಂದು ಮಗ್ಗುಲಿಗೆ ವಿಮಾನ, ಇನ್ನೊಂದಕ್ಕೆ ರಾಣಿ. ಆ ವಿಮಾನದೊಳಗೆ ಸತ್ತ ಏಳು ಜನರಲ್ಲಿ ಒಬ್ಬನ ಹೆಸರೂ ಇಲ್ಲ.

ಮೊಯಿರಾ ಎನಿಡ್‌ಳನ್ನು ಬಂಧಿಸಿದಳು. ಬಂಧನದ ವರದಿಯಲ್ಲಿ ಕಳವಿನ ಕಾರಣದ ಜಾಗದಲ್ಲಿ ಸ್ನೇತ್ ‘ಆಸೆಯಿಂದ’ ಎಂದು ಬರೆದಿದ್ದ. ಮೊಯಿರಾ ಅದನ್ನು ಹೊಡೆದುಹಾಕಿ ‘ಅಣ್ಣನನ್ನು ಮಣ್ಣು ಮಾಡಲು’ ಎಂದು ಬರೆದಳು. ಕಾರಿನಲ್ಲಿ ಕೂತ ಮೇಲೆ, ಠಾಣೆ ಸೇರುವವರೆಗೆ ಇಟ್ಟುಕೊಳ್ಳಲೆಂದು ನಾಣ್ಯವನ್ನು ಎನಿಡ್‌ಳ ಕೈಗೆ ಕೊಟ್ಟಳು.

“ಅಂಚು! ಅಂಚು ಹಿಡೀರಿ!” ನಾಣ್ಯಕ್ಕಾಗಿ ಚರ್ಚಿನ ಬಾಗಿಲಲ್ಲಿ ಕಾದಿದ್ದ ಪೆಚೆಲ್ ಓಡಿ ಬಂದು ಕಾರಿನ ಕಿಟಕಿ ಬಡಿದ.

ಎನಿಡ್ ಅದನ್ನು ಅಂಗೈ ತುಂಬ ಮುಚ್ಚಿಕೊಂಡಳು.