ಲೇಡಿ ವಿನೆಗರ್ ಹೇಳಿದ ಥ್ಯಾಂಕ್ಸ್

ಜೋಲೀನ್ ಕುಸ್ತಿ ಕಲಿಯಲು ಬಂದ ಮೊದಲ ವಾರವೇ ರೆಫರಿ ವೆಂಡೆಲ್ ಅವಳಿಗೊಂದು ಮಾತು ಕೊಟ್ಟಿದ್ದ. "ನೀನು ಬಿದ್ದಾಗ ನಿನ್ನ ಕೈ ಒತ್ತುತ್ತೀನಿ. ಚೆನ್ನಾಗಿದ್ರೆ ನೀನೂ ಒತ್ತು. ಒತ್ತಲಿಲ್ಲ ಅಂದ್ರೆ, ಯಾರು ಏನೇ ಅನ್ಲಿ, ಆಟ ನಿಲ್ಲಿಸ್ತೀನಿ."

ಅದಾಗಿ ವರ್ಷಗಳೇ ಕಳೆದಿದ್ದವು. ಈಗ ಅವಳು ಲೇಡಿ ವಿನೆಗರ್, ಜಾನ್ಸ್‌ಟೌನ್ ಊರಿನ ಜನ ಬಾಯಿ ತುಂಬ ಬೈಯುವ, ರಿಂಗಿನೊಳಗಿನ ದುಷ್ಟೆ. ಸೋಲು ಗೆಲುವು ಮೊದಲೇ ಮಾತಾಡಿಕೊಂಡದ್ದು, ಪೆಟ್ಟು ಮಾತ್ರ ನಿಜ. ಪ್ರತಿ ಶನಿವಾರ ಫೈರ್ ಸ್ಟೇಷನ್ ಹಾಲ್‌ನಲ್ಲಿ ಅವನ ಬೆರಳು ಕೇಳುತ್ತಿತ್ತು, ಅವಳ ಬೆರಳು ಉತ್ತರ ಕೊಡುತ್ತಿತ್ತು. ಈಚೆಗೆ ಆ ಉತ್ತರ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಲ್ಲುತ್ತಿತ್ತು. ಇಬ್ಬರೂ ಅದರ ಸುದ್ದಿ ಎತ್ತಿರಲಿಲ್ಲ.

ಆ ಶನಿವಾರ ಪರದೆಯ ಹಿಂದೆ ಅವಳು ಅವನ ಬೋ ಟೈ ಹಿಡಿದೆಳೆದಳು.

"ಇವತ್ತಿನ ಆಟದ ವಿಡಿಯೋ ಟೇಪ್ ಜಪಾನ್‌ಗೆ ಹೋಗುತ್ತೆ ಕಣೋ. ಹಿಡಿಸಿದ್ರೆ ಅಲ್ಲಿ ಆಡೋಕೆ ಕರೀತಾರೆ. ಮಧ್ಯೆ ನಿಲ್ಲಿಸಿದ್ಯೋ, ಈ ಜನ್ಮದಲ್ಲಿ ನಿನ್ನ ಹತ್ರ ಮಾತಾಡಲ್ಲ."

"ಮೊದಲು ಟೈ ಬಿಡು ತಾಯಿ, ಉಸಿರಾಡ್ಲಿ."

"ತಮಾಷೆ ಮಾಡ್ಬೇಡ, ವೆಂಡೆಲ್."

ಕಾಡಿಗೆ ಬಳಿದ ಆ ಕಣ್ಣುಗಳಲ್ಲಿ ಎಷ್ಟು ಆಸೆಯಿತ್ತೆಂದರೆ, ಅವನು ತಮಾಷೆ ಬಿಟ್ಟು, ಟೈ ಸರಿಮಾಡಿಕೊಂಡು ರಿಂಗ್ ಹತ್ತಿದ.

ಮೇಲಿನ ಹಗ್ಗದಿಂದ ಅವಳು ಹಾರಿದಳು. ಎದುರಾಳಿ ಹಿಡಿಯುವುದು ತಡವಾಯಿತು. ಅವಳ ತಲೆಯೇ ಮೊದಲು ನೆಲಕ್ಕೆ ಬಡಿಯಿತು. ವೆಂಡೆಲ್ ಮಂಡಿಯೂರಿ ಕೈ ಒತ್ತಿದ. ಉತ್ತರವಿಲ್ಲ. ಮತ್ತೆ ಒತ್ತಿದ.

"ಏಳೇ ವಿನೆಗರ್, ನಾಟಕ ಸಾಕು!" ಎಂದು ಹಾಲೆಲ್ಲ ಕೂಗಿತು.

ಅವನು ಎದ್ದು, ಆಟ ನಿಲ್ಲಿಸಿ ಎಂಬ ಸನ್ನೆಯಾಗಿ ಎರಡೂ ತೋಳುಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದ. ಗಂಟೆ ಹೊಡೆಯಿತು. ಅರ್ಧಕ್ಕೆ ನಿಂತ ಟೇಪು ಎಲ್ಲಿಗೂ ಹೋಗಲಿಲ್ಲ.

ಮರುದಿನದಿಂದ ಅಭಿಮಾನಿಗಳ ವೆಬ್‌ಸೈಟಿನಲ್ಲಿ ಅವನಿಗೆ ಪೂಜೆಯೋ ಪೂಜೆ. 'ಒಳ್ಳೇ ಆಟ ಕೆಡಿಸಿದ ಮುಠ್ಠಾಳ!' ಆಸ್ಪತ್ರೆಯವರು ಅವನನ್ನು ಒಳಗೆ ಬಿಡಲಿಲ್ಲ. ಅವಳ ಫೋನೂ ಬರಲಿಲ್ಲ. ಹೇಳಿದಂತೆಯೇ ಮಾತು ಬಿಟ್ಟಳು ಎಂದುಕೊಂಡು ಅವನು ಕಂಪ್ಯೂಟರ್ ಮುಂದೆಯೇ ಕೂತ, ಅವಳ ಸುದ್ದಿ ಅಲ್ಲಾದರೂ ಸಿಕ್ಕೀತೆಂದು.

ಗುರುವಾರ ಸಿಕ್ಕಿತು. ಬರೆದವಳು ಲೇಡಿ ವಿನೆಗರ್.

'ವೆಂಡೆಲ್‌ನ ಬೈಯೋ ಹಕ್ಕು ನನ್ನೊಬ್ಬಳದ್ದೇ. ನಾನಿವತ್ತು ಎದ್ದು ನಡೀತಿರೋದು ಅವನಿಂದ. ಥ್ಯಾಂಕ್ಸ್.'

ಕೆಳಗೇ ಯಾರೋ ಗೋಳಾಡಿದ್ದ: 'ದುಷ್ಟೆ ಥ್ಯಾಂಕ್ಸ್ ಹೇಳೋದಾ? ಆಟದ ಮರ್ಯಾದೆ ಹೋಯ್ತು!'

ಯಾರೋ ಬಾಗಿಲು ದಡದಡ ಬಡಿದರು. ತೆರೆದರೆ, ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿಕೊಂಡ ಜೋಲೀನ್ ನಿಂತಿದ್ದಳು.

"ಭಾನುವಾರದಿಂದ ಫೋನ್ ಮಾಡ್ತಿದೀನಿ, ಬರೀ ಎಂಗೇಜು! ಇಪ್ಪತ್ನಾಲ್ಕು ಗಂಟೆ ಫೋನ್ ಲೈನಿಗೇ ಇಂಟರ್‌ನೆಟ್ ಹಚ್ಕೊಂಡು ಕೂತ್ರೆ ಲೈನ್ ಹೇಗೋ ಸಿಗುತ್ತೆ?"

"ನೀನು... ಮಾತಾಡಲ್ಲ ಅಂದಿದ್ಯಲ್ಲ."

"ಅಂದಿದ್ದೆ. ಇನ್ನೊಂದು ಪೆಟ್ಟು ಬಿದ್ದಿದ್ರೆ ಜನ್ಮವಿಡೀ ಹಾಸಿಗೇಲೇ ಇರ್ತಿದ್ದೆ ಅಂದ್ರು ಡಾಕ್ಟ್ರು." ಅವಳ ಧ್ವನಿ ತಗ್ಗಿತು. "ನಾನು ಮಾತು ಬಿಟ್ಟೇಬಿಟ್ರೆ ಅಂತ ಭಯ ಆಗ್ಲಿಲ್ವಾ?"

"ಆಯ್ತು. ನಿನ್ನ ಪ್ರೀತಿಸ್ತೀನಿ, ಜೋಲೀನ್."

"ಅದನ್ನ ಹೇಳೋಕೆ ನನ್ನ ಕತ್ತೇ ಉಳುಕಬೇಕಾಯ್ತಾ, ಪೆದ್ದ? ಬಗ್ಗೋಕಾಗಲ್ಲ ನಂಗೆ. ನೀನೇ ಹತ್ರ ಬಾ."

ಅವನು ಹತ್ತಿರ ಹೋದ.

ಜಪಾನಿನಿಂದ ಕರೆ ಬರಲಿಲ್ಲ. ವೆಂಡೆಲ್ ಕೊಟ್ಟ ಮಾತು ಉಳಿಸಿಕೊಂಡಿದ್ದ.